ಮೌನದ ಕೋಣೆಯಲ್ಲಿ ಮಾಹಿತಿ ಮೇಜು

ಮಾನ್ಯ ಮುಖ್ಯ ಗ್ರಂಥಾಲಯಾಧಿಕಾರಿಗಳೇ,

ಊರಿನಲ್ಲಿ ಯಾವ ಸಹಾಯ ಎಲ್ಲಿ ಸಿಗುತ್ತದೆಂದು ಜನರಿಗೆ ತಿಳಿಸುವ ಮೇಜನ್ನು ತಾವು ತಂದು ಮೌನ ವಾಚನಾಲಯದ ನಟ್ಟನಡುವೆ ಇಟ್ಟಿದ್ದೀರಿ. ಅಲ್ಲಿ ಏನು ಬೇಕಾದರೂ ಕೇಳಬಹುದು, ಬಾಯಿ ಮಾತ್ರ ಬಿಡಬಾರದು. ಈ ಏರ್ಪಾಡು ಯಾರ ತಲೆಗೆ ಹೊಳೆಯಿತೋ, ಆ ತಲೆಯನ್ನು ಅಪರೂಪದ ವಸ್ತುಗಳ ಕಪಾಟಿನಲ್ಲಿಟ್ಟು ಸಂಖ್ಯೆ ಅಂಟಿಸಬೇಕು.

ನನ್ನ ಸೋದರತ್ತೆ ನಲವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆ. ಗಿರಣಿ ಅವರ ಹೊಟ್ಟೆ ತುಂಬಿಸಿತು, ಕಿವಿ ತಿಂದಿತು. ಕಳೆದ ತಿಂಗಳು ಯಂತ್ರದ ಬೆಲ್ಟು ಹರಿದು ಪಟಪಟ ಬಡಿಯುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ. ಗಿರಾಕಿಯೊಬ್ಬಳು ತೋಳು ಹಿಡಿದೆಳೆದದ್ದರಿಂದ ಕೈ ಉಳಿಯಿತು. "ಕಿವಿಗೆ ಮೆಷಿನ್ ಹಾಕಿಸ್ಕೊಂಡ್ರೆ ಸರಿ, ಇಲ್ದಿದ್ರೆ ಗಿರಣಿಗೆ ಬೀಗ," ಎಂದು ಅವರ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು. ಉಚಿತ ಶ್ರವಣಯಂತ್ರದ ಅರ್ಜಿ ತಮ್ಮ ಮೇಜಿನಲ್ಲಿ ಸಿಗುತ್ತದೆಂದು ತಿಳಿದು ನಾನೇ ಅತ್ತೆಯನ್ನು ಕರೆತಂದೆ.

ಮೇಜಿನ ಹಿಂದೆ ಕೂರುವ ಹೆಣ್ಣುಮಗಳು ಒಳ್ಳೆಯವಳು. ತುಟಿಯಷ್ಟೇ ಅಲುಗಿಸಿ, "ಏನಾಗ್ಬೇಕಿತ್ತಮ್ಮಾ?" ಎಂದಳು.

"ಆಂ?" ಎಂದರು ಅತ್ತೆ. ಇಬ್ಬರು ಓದುಗರು ಬೆಚ್ಚಿಬಿದ್ದರು.

ಪಾಪ, ಅವಳು ಚೀಟಿಯಲ್ಲಿ ಬರೆದು ತೋರಿಸಿದಳು. ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲಿನಲ್ಲಿ ಅತ್ತೆ ಅದನ್ನು ಓದಿದರು: "ಎಷ್ಟು ದಿನದಿಂದ ಕೇಳಿಸ್ತಿಲ್ಲ? ಅಯ್ಯೋ, ಇದನ್ನೇನು ಗುಟ್ಟಾಗಿ ಕೇಳ್ತೀಯೇ ಮಗಳೇ! ಹನ್ನೆರಡು ವರ್ಷ ಆಯ್ತು!"

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ನಿವೃತ್ತ ಅಂಚೆಯವರೊಬ್ಬರು ಪತ್ರಿಕೆ ಕೆಳಗಿಟ್ಟು, "ಅಕ್ಕಾ, ನಂದೂ ಎಡಗಿವಿ ಹೋಗಿದೆ. ನಂಗೂ ಒಂದು ಅರ್ಜಿ ಕೊಡಿಸಿ," ಎಂದರು. "ಮಂಡಿಗೇನಾದ್ರೂ ಇದೆಯಾ?" "ಹೊಲಿಗೆ ಕಲಿಸೋರಿದ್ದಾರಾ?" ಎಂದು ಮೂಲೆಮೂಲೆಯಿಂದ ದನಿ ಎದ್ದಿತು. ಇನ್ನೊಬ್ಬರಂತೂ ಮೂರು ವಾರದ ಹಿಂದೆ ಹೆಂಡತಿಗೆ ಗಾಲಿಕುರ್ಚಿ ವಿಚಾರಿಸಲು ಬಂದವರಂತೆ. ಮೌನದ ಫಲಕ ಕಂಡು ಅಂಜಿ, ದಿನವೂ ಬಂದು ಪತ್ರಿಕೆ ಓದಿ ಹೋಗುತ್ತಿದ್ದರಂತೆ! ಹತ್ತೇ ನಿಮಿಷದಲ್ಲಿ ಹನ್ನೊಂದು ಜನಕ್ಕೆ ಬೇಕಾದ ಸಹಾಯ ಸಿಗುವ ಕಡೆಯ ವಿಳಾಸ ಸಿಕ್ಕಿತು. ಅಷ್ಟರಲ್ಲಿ ಮೇಲ್ವಿಚಾರಕರು ಗಂಟೆ ಬಾರಿಸುತ್ತ ಬಂದರು. ಅತ್ತೆಗೆ ಅದೂ ಕೇಳಿಸಲಿಲ್ಲ. ನಿಯಮಭಂಗಕ್ಕಾಗಿ ನಮ್ಮಿಬ್ಬರಿಗೂ ಒಂದು ತಿಂಗಳು ಪ್ರವೇಶವಿಲ್ಲ. ಊರವರಿಗೆಲ್ಲ ದಾರಿ ತೋರಿಸುವ ಗಡಿಬಿಡಿಯಲ್ಲಿ ಅತ್ತೆಯ ಅರ್ಜಿ ಮಾತ್ರ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಸಲ್ಲಿಸಲು ಕೊನೆಯ ದಿನ ಬರುವ ಶನಿವಾರ.

ಸ್ವಾಮಿ, ಓದುವುದಕ್ಕೆ ಮೌನ ಬೇಕು, ಒಪ್ಪಿದೆ. ಕಷ್ಟ ಹೇಳಿಕೊಳ್ಳುವುದಕ್ಕೂ ಬೇಕೇ? ಮೇಜು ಮೊದಲು ವರಾಂಡದಲ್ಲಿತ್ತು. ಬಿಸಿಲು ಬೀಳುತ್ತದೆಂದು ಒಳಗೆ ತಂದಿರಂತೆ. ಒಂದು ಪರದೆ ಕಟ್ಟಿದ್ದರೆ ಸಾಲುತ್ತಿರಲಿಲ್ಲವೇ? ಈ ವರ್ಷ ಮೇಜಿಗೆ ಬಂದು ವಿಚಾರಿಸಿದವರು ಕಡಿಮೆ, ಆದ್ದರಿಂದ ಜನರಿಗೆ ಕಷ್ಟವೂ ಕಡಿಮೆ ಎಂದು ತಾವು ವರದಿ ಬರೆದಿದ್ದೀರೆಂದು ಕೇಳಿದೆ. ಬಾಯಿಗೆ ಬಟ್ಟೆ ತುರುಕಿದರೆ ಹಲ್ಲುನೋವೂ ಕಡಿಮೆಯಾದಂತೆ ಕಾಣುತ್ತದೆ.

ಗುರುವಾರ ಸಂಜೆಯೊಳಗೆ ಮೇಜನ್ನು ವರಾಂಡಕ್ಕೆ ಸಾಗಿಸಿ. ಹೊರಲು ಆಳಿಲ್ಲವೆಂದರೆ ಅತ್ತೆ ಸಿದ್ಧ. ಮೂಟೆ ಎತ್ತಿದ ಭುಜ. ಅದೂ ಆಗದಿದ್ದರೆ ಅರ್ಜಿಯನ್ನಾದರೂ ಕಿಟಕಿಯಿಂದ ಹೊರಚಾಚಿ. ಎರಡೂ ಆಗದಿದ್ದಲ್ಲಿ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆ ಆ ಕಿಟಕಿಯಾಚೆ ರಸ್ತೆಯಲ್ಲಿ ನಿಂತು ಅರ್ಜಿ ಕೇಳಲಿದ್ದಾರೆ. ತಮ್ಮ ನಿಯಮ ರಸ್ತೆಗೆ ಅನ್ವಯಿಸುವುದಿಲ್ಲ, ವಿಚಾರಿಸಿಕೊಂಡಿದ್ದೇವೆ. ಸಾಕು ನಿಲ್ಲಿಸಿ ಎಂದು ತಾವು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಅದು ಕೇಳಿಸಬೇಕಾದರೆ ಮೊದಲು ಅವರಿಗೆ ಯಂತ್ರ ಬೇಕು.

ಇಂತಿ,
ಒಂದು ತಿಂಗಳ ಮಟ್ಟಿಗೆ ಮೌನದಿಂದ ಗಡೀಪಾರಾದ,
ಗಿರಣಿ ಅತ್ತೆಯ ಸೋದರಳಿಯ