ಸೂರಿನ ಹೆಂಗಸರ ತುಳು

ಸೀಬ್, ಒಮಾನ್, ನವೆಂಬರ್ ೮

ಜಲಜಕ್ಕಾ,

ನಿನ್ನೆ ನಿಮ್ಮ ಸೂರ್ ಪಟ್ಟಣಕ್ಕೆ ಹೋಗಿದ್ದೆ. ನೀವು ತೀರಿಕೊಂಡ ಮೂರನೇ ದಿನ. ಒಬ್ಬರೇ ಇದ್ದ ಮನೆ, ಬೀಗ ಹಾಕಿರಬಹುದು ಎಂದುಕೊಂಡಿದ್ದೆ. ನೋಡಿದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಕೇರಿಯ ಒಮಾನಿ ಹೆಂಗಸರೆಲ್ಲ ನಿಮ್ಮ ಚಾವಡಿಯಲ್ಲಿ ಏಲಕ್ಕಿ ಹಾಕಿದ ಕಾವಾ ಕುಡಿಯುತ್ತಿದ್ದರು. ತಮ್ಮವರು ಸತ್ತಾಗ ಮೂರು ದಿನ ಕೂರುವ ಹಾಗೆಯೇ ನಿಮಗೂ ಕೂತಿದ್ದರು.

ಐವತ್ತು ವರ್ಷದ ಹಿಂದೆ, ಸರಿಯಾದ ರಸ್ತೆಯೂ ಇಲ್ಲದಾಗ, ನಮ್ಮ ತುಳುನಾಡಿನಿಂದ ಆ ಊರಿಗೆ ಹೋದ ಮೊದಲ ನರ್ಸು ನೀವು. ಅರ್ಧ ಕೇರಿ ನಿಮ್ಮ ಕೈಯಲ್ಲೇ ಹುಟ್ಟಿದ್ದಂತೆ. ಹೆರಿಗೆಯಲ್ಲಿ ನೀವು ಯಾರಿಗೆ ಹೆಚ್ಚು ಬೈದದ್ದು ಎಂದು ಅವರೊಳಗೇ ಜಗಳ.

"ನನಗೇ! ನಾಲ್ಕು ಸಲವೂ!" ಎಂದಳು ಪಕ್ಕದ ಮನೆಯ ಉಮ್ ಸಾಲಿಂ. ಆಮೇಲೆ ನಿಮ್ಮಂತೆಯೇ ಬೆರಳು ಆಡಿಸಿ, ಅಚ್ಚ ತುಳುವಿನಲ್ಲಿ "ಮನಿಪಂದೆ ಜೆಪ್ಪು!" ಎಂದಳು. ಸುಮ್ಮನೆ ಮಲಗು ಎನ್ನುವ ಆ ಗದರಿಕೆ ಅಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಜೋರಾಗಿ ನಕ್ಕುಬಿಟ್ಟೆ.

ಅವಳು ತಿರುಗಿ ಹಿಂದಿಯಲ್ಲಿ ಕೇಳಿದಳು: "ಸೀಬಿನ ತಂಗಿ ನೀನೇನಾ? 'ನಾನೇ ಒಮಾನಿಗೆ ಕರೆಸಿದ ಹುಡುಗಿ, ವಾರ ತಪ್ಪದೆ ಫೋನ್ ಮಾಡ್ತಾಳೆ' ಅಂತ ಜಲಜಮ್ಮ ಹೇಳ್ತಾನೇ ಇದ್ದರು."

ನಾನು ಕೊನೆಯ ಸಲ ಫೋನ್ ಮಾಡಿದ್ದು ಏಪ್ರಿಲಿನಲ್ಲಿ, ಬಿಸು ಹಬ್ಬಕ್ಕೆ.

"ಹೌದು, ನಾನೇ," ಎಂದೆ.

"ಯಲ್ಲಾ, ಇಲ್ಲಿ ಬಾ," ಎಂದು ಅವಳು ಸರಿದು, ಮನೆಯವರು ಕೂರುವ ಜಾಗದಲ್ಲಿ ನನ್ನನ್ನು ಕೂರಿಸಿದಳು. ಬಂದವರೆಲ್ಲ ನನ್ನ ಕೈ ಹಿಡಿದು ಸಮಾಧಾನ ಹೇಳಿದರು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ, ಅಕ್ಕಾ.