ದೇವರ ಮುಂದ ಹಚ್ಚಿದ ಕಡ್ಡಿ

ರೋಜಾ,

ನೀ ಇನ್ನೂ ಮಲಗೀದಿ, ಎಬ್ಬಿಸಲಿಲ್ಲ. ಏಳರ ಬಸ್ಸಿಗೆ ಗದಗಕ್ಕ ಹೊಂಟೀನಿ, ಹೊಸಾ ಕಡ್ಡಿ ತರಾಕ.

ನಿನ್ನೆ ದೇವರ ಮುಂದ ನಾ ಹಚ್ಚಿದ್ದು ಊದಿನಕಡ್ಡಿ ಅಲ್ಲಂತ. ನಿನ್ನ ಭುಜದ ನೋವಿಗೆ ಹಚ್ಚಿ ಕಾವು ಕೊಡಾಕ ಗದಗಿನ ಸೂಜಿ ಚಿಕಿತ್ಸೆ ಡಾಕ್ಟರು ಕೊಟ್ಟಿದ್ದ ಚೀನೀ ಔಷಧದ ಕಡ್ಡಿಯಂತ. ಅವ್ವ ಈಗ ಹೇಳಿದಳು. ಉಳಿದಿದ್ದ ಒಂದನ್ನೂ ನಾ ಸುಟ್ಟು ಬೂದಿ ಮಾಡಿದೆ. ಮ್ಯಾಲ, "ಎಂಥಾ ಕಡ್ಡಿ ತಂದೀಲೇ, ಮನಿತುಂಬ ಸುಟ್ಟ ಹುಲ್ಲಿನ ವಾಸನಿ" ಅಂತ ನಿನಗ ಬೈದೆ. ಆವಾಗರ ನೀ ಒಂದು ಮಾತು ಹೇಳಬೇಕಿತ್ತು.

ಹೇಳಿದ್ರ ನಾ ನಗತಿದ್ದೆ, ಅದೂ ಖರೆ. ಮೊದಲ ಸಲ ನೀ ಸೂಜಿ ಚುಚ್ಚಿಸಿಕೊಂಡು ಬಂದಾಗ ನಮ್ಮಕ್ಕನ ಮುಂದ, "ಚೀನಾ ಮಾಲು, ಎರಡು ದಿನ ಬಾಳಿಕಿ" ಅಂತ ನಕ್ಕಿದ್ದೆ. ಅದಕ್ಕ ನೀ ಕಡ್ಡೀನ ಊದಿನಕಡ್ಡಿ ಡಬ್ಬ್ಯಾಗ ಮುಚ್ಚಿಟ್ಟಿ. ರೊಟ್ಟಿ ದಪ್ಪ ಆಗ್ಯಾವು ಅಂತ ವಾರದಿಂದ ಗೊಣಗಿದಾವನೂ ನಾನ.

ಇವತ್ತು ರೊಟ್ಟಿ ಬಡೀಬ್ಯಾಡ. ಅನ್ನ ಮಾಡಿಟ್ಟೀನಿ, ಸಾರು ಅವ್ವ ಮಾಡ್ತಾಳ. ನೀರು ತುಂಬೀನಿ, ಕೊಡ ಎತ್ತಬ್ಯಾಡ. ಸಂಜಿಗೆ ಕಾವು ನಾನ ಕೊಡ್ತೀನಿ. ನಗಂಗಿಲ್ಲ.

ಎದ್ದ ಕೂಡಲೇ ಒಂದು ಫೋನ್ ಮಾಡು. ಯಾವ ಭುಜ ಅಂತ ಡಾಕ್ಟರು ಕೇಳಿದ್ರ ನನಗ ಹೇಳಾಕ ಬರಂಗಿಲ್ಲ. ಹನ್ನೆರಡು ವರ್ಷ ನೀ ಮಾಡಿದ ರೊಟ್ಟಿ ತಿಂದೀನಿ, ಯಾವ ಕೈಲೆ ಬಡೀತಿ ಅಂತ ಒಂದು ದಿನಾನೂ ನೋಡಿಲ್ಲ.

ಹುಲಿಗೇಶ