ಕುಡ್ಲದಲ್ಲಿ ಬೀಗರ ರಜೆ

ಮಂಗಳೂರು,
ನೀರು ಬಂದ ತೊಂಬತ್ತನೆಯ ವರ್ಷ, ಆಟಿ ತಿಂಗಳ ಮೂವತ್ತಮೂರನೆಯ ದಿನ.

ಹಳೆಯ ಕಾಲದಲ್ಲಿ ಕುಳಿತು ನಮ್ಮ ಊರಿಗೆ ರಜೆಗೆ ಹೊರಡುವ ಯೋಚನೆಯಲ್ಲಿರುವ ಹಿರಿಯರಿಗೆ, ಸೆವ್ರಿನ್ ಬಂಗೇರಳ ನಮಸ್ಕಾರಗಳು.

ತಾರೀಕು ನೋಡಿ ಕಾಗದ ಮಡಚಿಡಬೇಡಿ. ತುಳುವರ ಆಟಿ ತಿಂಗಳಿಗೆ ಮೂವತ್ತಮೂರನೆಯ ದಿನವೆಂಬುದು ಯಾವ ಪಂಚಾಂಗದಲ್ಲೂ ಇಲ್ಲ ಎಂದು ನನಗೂ ಗೊತ್ತು. ಇಲ್ಲವೆಂದೇ ನಾವು ಅದನ್ನು ಮಾಡಿಕೊಂಡದ್ದು. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಗಂಟಲಲ್ಲಿ ಸಿಕ್ಕಿಕೊಂಡಾವು. ಅವು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಅದು ನಿಮ್ಮ ತಪ್ಪಲ್ಲ. ಕ್ಷಮೆ ನಾನೇ ಕೇಳುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬಂದಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆ ಎಂದು ಕೇಳಬೇಡಿ; ನಿಮ್ಮ ಕೈಯಲ್ಲಿರುವ ಫೋನು ಹೇಗೆ ಮಾತಾಡುತ್ತದೆ ಎಂದು ನಿಮ್ಮಲ್ಲಿ ಎಷ್ಟು ಜನ ಬಲ್ಲಿರಿ? ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ ಎಂಬ ಕಟ್ಟಳೆಯಿದೆ. ಹೆಚ್ಚಿನವರು ಅದನ್ನು ಮುತ್ತಜ್ಜನಿಗೆ ಬರೆದು, ಆ ಗದ್ದೆ ಮಾತ್ರ ಮಾರಬೇಡಿ ಎಂದು ಬೇಡಿಕೊಂಡು ಮುಗಿಸುತ್ತಾರೆ. ಗದ್ದೆ ಈಗ ನೀರಿನಡಿಯಲ್ಲಿದೆ, ಅಜ್ಜ ಮಾರಿದ್ದೇ ಜಾಣತನ ಎಂದು ಅವರಿಗೆ ಹೊಳೆಯುವುದಿಲ್ಲ. ನನಗೆ ಹಾಗೆ ಕೇಳಿಕೊಳ್ಳಲು ಗದ್ದೆಯೂ ಇಲ್ಲ, ಹೆಸರು ಗೊತ್ತಿರುವ ಮುತ್ತಜ್ಜನೂ ಇಲ್ಲ. ಗೊತ್ತಿರುವುದು ರಜೆಯೊಂದೇ. ಅದನ್ನೇ ಬರೆಯುತ್ತೇನೆ.

ನಾನು ರಜೆಗಾರ್ತಿ. ಹೊರಗಿನಿಂದ ಬಂದವರು ಯಾವ ದಿನ ಎಲ್ಲಿ ಮಲಗಬೇಕು, ಯಾರ ಮನೆಯಲ್ಲಿ ಉಣ್ಣಬೇಕು, ಯಾವ ಹೊತ್ತಿಗೆ ಏನು ನೋಡಬೇಕು ಎಂದು ಹೂಡಿಕೊಡುವವಳು. ನಿಮ್ಮ ಕಾಲದ ದೊಡ್ಡ ಹೋಟೆಲುಗಳೆಲ್ಲ ಕಡಲ ಮಗ್ಗುಲಲ್ಲೇ ಇದ್ದವಂತೆ. ಮೊದಲು ಮುಳುಗಿದ್ದೂ ಅವೇ. ಆಮೇಲೆ ಬಂದವರಿಗೆ ಊರಿನ ಮನೆಗಳೇ ಗತಿಯಾದವು. ಇದಕ್ಕೆ ನಾವು ಮನೆಸರದಿ ಎನ್ನುತ್ತೇವೆ: ಮನೆಗಳು ಸರದಿಯ ಮೇಲೆ ನೆಂಟರನ್ನು ತೆಗೆದುಕೊಳ್ಳುತ್ತವೆ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ದೋಣಿಕಟ್ಟೆಯಲ್ಲಿ ಕಲಿತದ್ದು ಹೆಚ್ಚು. ಬರುವವರನ್ನು ಕೂಗಿ ಕರೆಯುವ ಗಂಟಲೊಂದೇ ಬಂಡವಾಳವಾಗಿದ್ದ ಕಾಲದಿಂದ ನೋಡುತ್ತಿದ್ದೇನೆ. ಮನುಷ್ಯರು ದೋಣಿಯಿಂದ ಇಳಿಯುವ ರೀತಿಯಲ್ಲೇ ಅವರ ರಜೆಯ ಅಂದಾಜು ಸಿಗುತ್ತದೆ. ಮೊದಲು ಚೀಲ ಇಳಿಸುವವರು ದೂರು ಹೇಳಿ ಹೋಗುತ್ತಾರೆ. ಮೊದಲು ಮುದುಕರನ್ನು ಇಳಿಸುವವರು ಮತ್ತೆ ಬರುತ್ತಾರೆ.

ಊರು ಹೇಗಿದೆ ಎಂದು ಕೇಳುತ್ತೀರಿ. ಬಂಟ್ವಾಳದ ರೈಲುಕಟ್ಟೆಯಿಂದ ನೇತ್ರಾವತಿಯಲ್ಲಿ ದೋಣಿ ಹತ್ತಿದರೆ ದೋಣಿಯವನು ಇಳಿಯುವ ಜಾಗದಲ್ಲಿ ಮಂಗಳೂರು, ಕುಡ್ಲ, ಕೊಡಿಯಾಲ, ಮೈಕಾಲ ಎಂದು ನಾಲ್ಕು ಸಲ ಕೂಗುತ್ತಾನೆ. ಹೊಸಬರು ಇನ್ನೂ ಮೂರು ಊರು ಉಂಟೆಂದು ಕುಳಿತೇ ಇರುತ್ತಾರೆ. ನಾಲ್ಕೂ ಒಂದೇ ಊರು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ತಮ್ಮ ತಮ್ಮ ಹೆಸರನ್ನು ಬಿಟ್ಟುಕೊಡಲಿಲ್ಲ, ಅಷ್ಟೆ. ಬಂದರಿನ ಬೀದಿಗಳಲ್ಲಿ ಈಗ ನೀರು ಓಡಾಡುತ್ತದೆ. ಕಡಲು ಮೇಲೆ ಬಂದಾಗ ಜನ ಯಾವ ಗುಡ್ಡ ಹತ್ತಿರವೋ ಅದನ್ನು ಹತ್ತಿದರು. ಕದ್ರಿಯಲ್ಲೂ ಬಾವುಟಗುಡ್ಡದಲ್ಲೂ ಯಾರ ಪಕ್ಕ ಯಾರು ಮನೆ ಕಟ್ಟಿದರು ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನನ್ನ ಹೆಸರಿನ ಮೊದಲ ತುಂಡು ಕ್ರೈಸ್ತರ ಇಗರ್ಜಿಯದ್ದು, ಎರಡನೆಯ ತುಂಡು ದೈವದ ಗುಡಿಯ ಕಡೆಯದ್ದು. ನನ್ನ ಕೇರಿಯಲ್ಲಿ ಇದು ಯಾರ ಗಮನಕ್ಕೂ ಬರುವ ಸಂಗತಿಯಲ್ಲ.

ಆದರೆ ಒಟ್ಟಿಗಿರುವುದಕ್ಕೂ ಒಂದು ಖರ್ಚುಂಟು. ಒಬ್ಬರಿಗೆ ಏಕಾದಶಿ, ಇನ್ನೊಬ್ಬರಿಗೆ ಉಪವಾಸದ ತಿಂಗಳು, ಮತ್ತೊಬ್ಬರಿಗೆ ತೆನೆಹಬ್ಬ, ಆಚೆ ಕೇರಿಯಲ್ಲಿ ದೈವದ ಕೋಲ. ಯಾವ ದಿನ ಹಿಡಿದರೂ ಯಾರದ್ದೋ ಒಲೆ ಉರಿಯುತ್ತಿರುತ್ತದೆ, ಯಾರದ್ದೋ ಆರಿರುತ್ತದೆ. ಕಾಲುವೆಯ ಕೆಸರೆತ್ತಲು ಎಲ್ಲರೂ ಸೇರುವ ದಿನವೇ ಸಿಗದಾದಾಗ ಹಿರಿಯರು ಆಟಿಯ ಬಾಲಕ್ಕೆ ಒಂದು ದಿನವನ್ನು ಸೇರಿಸಿದರು. ಅದಕ್ಕೆ ಖಾಲಿ ದಿನ ಎಂದು ಹೆಸರು. ಆ ದಿನ ಯಾರಿಗೂ ಹಬ್ಬವಿಲ್ಲ, ವ್ರತವಿಲ್ಲ, ಮನೆಸರದಿಯೂ ಇಲ್ಲ. ಆ ದಿನ ಹುಟ್ಟಿದವರ ಜಾತಕ ಬರೆಯಲು ಜೋಯಿಸರು ಒಪ್ಪುವುದಿಲ್ಲ. ಉಳಿದ ಊರುಗಳು ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತವೆ. ಮುಂದಿನ ಸೋಣ ತಿಂಗಳಲ್ಲಿ ಒಂದು ದಿನ ಬಿಟ್ಟು ನಾವು ಓಡಿ ಹಿಡಿಯುತ್ತೇವೆ.

ನನ್ನ ಕಸುಬಿನಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ ಬೀಗರ ರಜೆ. ಈಗ ಯಾರೂ ಹೆಣ್ಣು ನೋಡುವ ಶಾಸ್ತ್ರ ಮಾಡುವುದಿಲ್ಲ. ಹುಡುಗ ಹುಡುಗಿ ಒಪ್ಪಿಕೊಂಡ ಮೇಲೆ ಎರಡು ಕಡೆಯವರೂ ಎರಡಕ್ಕೂ ಸಂಬಂಧವಿಲ್ಲದ ಒಂದು ಊರಿಗೆ ಹೋಗಿ ವಾರ ಒಟ್ಟಿಗೆ ಕಳೆಯಬೇಕು. ವಾರ ತಡೆದರೆ ಮದುವೆ, ತಡೆಯದಿದ್ದರೆ ಇಲ್ಲ. ಮನುಷ್ಯರ ಬಣ್ಣ ಬಯಲಾಗುವುದು ರಜೆಯಲ್ಲೇ ಎಂಬುದು ನಮ್ಮ ಕಾಲ ಕಂಡುಕೊಂಡ ಒಂದೇ ದೊಡ್ಡ ಸತ್ಯ ಎಂದು ನನ್ನ ಎಣಿಕೆ. ಇಲ್ಲಿ ಆಟಿಯಲ್ಲಿ ಮದುವೆ ಮಾಡುವುದಿಲ್ಲ, ಮನೆಗಳು ಬಿಡುವಾಗಿರುತ್ತವೆ. ಹಾಗಾಗಿ ಬೀಗರೆಲ್ಲ ಆಗಲೇ ಬರುತ್ತಾರೆ. ನಿಮ್ಮ ಕಾಲದ ಆಟಿಮಳೆಯ ಹೆದರಿಕೆ ಬೇಡ. ಈಗ ಮಳೆ ತನಗೆ ಬೇಕಾದಾಗ ಬರುತ್ತದೆ, ಆಟಿಯಲ್ಲಿ ಹೆಚ್ಚಾಗಿ ಬಿಸಿಲು.

ಹೋದ ವರ್ಷ ಬಂದವರು ವಿಜಯಪುರದ ಕಡೆಯ ಬಿರಾದಾರ ಮನೆಯವರು ಮತ್ತು ಕೋಲಾರದ ಕಡೆಯ ಯಲ್ಲಪ್ಪನವರ ಮನೆಯವರು. ಹುಡುಗಿ ದಾನಮ್ಮ, ಹುಡುಗ ವೆಂಕಟಮುನಿ. ಇಬ್ಬರೂ ರೈಲುಹಳಿಯ ಕೆಲಸದಲ್ಲಿ ಭೇಟಿಯಾದವರು. ಒಬ್ಬರನ್ನೊಬ್ಬರು ಬಿಟ್ಟಿರಲಾರೆವು ಎಂಬುದು ಮುಖದಲ್ಲೇ ಬರೆದಿತ್ತು. ತೀರ್ಮಾನ ಇದ್ದದ್ದು ಇಬ್ಬರು ತಾಯಂದಿರ ಕೈಯಲ್ಲಿ: ಹುಡುಗಿಯ ತಾಯಿ ನೀಲಮ್ಮ, ಹುಡುಗನ ತಾಯಿ ಮುನಿಲಕ್ಷ್ಮಮ್ಮ. ಇಬ್ಬರೂ ದೋಣಿಯಿಂದ ಮೊದಲು ಮುದುಕರನ್ನೇ ಇಳಿಸಿದರು. ಇದು ಸಲೀಸಾಗಿ ಮುಗಿಯುತ್ತದೆ ಎಂದುಕೊಂಡೆ.

ಈಗ ನಮ್ಮ ಊರಿನವರ ಒಂದು ಹೆಚ್ಚುಗಾರಿಕೆ ಹೇಳಬೇಕು. ಬೇರೆಯವರು ಏನು ತಿನ್ನುವುದಿಲ್ಲ ಎಂಬುದು ಇಲ್ಲಿನ ಪ್ರತಿ ಮಗುವಿಗೂ ಬಾಯಿಪಾಠ. ಪಕ್ಕದ ಮನೆಗೆ ಯಾವ ದಿನ ಮೀನಿನ ವಾಸನೆ ಹೋಗಬಾರದು, ಯಾರಿಗೆ ಬೆಳ್ಳುಳ್ಳಿ ಆಗದು, ಯಾರ ಪಾತ್ರೆ ಬೇರೆ, ಇವೆಲ್ಲ ಮಾತು ಬರುವ ಮೊದಲೇ ಬರುತ್ತವೆ. ಹಾಗೆ ಬದುಕಿ ಬದುಕಿ, ನೆಂಟರಿಗೆ ಅವರವರ ಊರಿನ ಊಟವನ್ನೇ ಬಡಿಸುವುದು ಮನೆಸರದಿಯ ಮರ್ಯಾದೆ ಎಂದಾಗಿಬಿಟ್ಟಿದೆ. ರಜೆಗಾರ್ತಿಯಾದವಳು ಮೊದಲೇ ಹೇಳಿಕಳಿಸಬೇಕು. ನಾನು ಹೇಳಿಕಳಿಸಿದೆ: ಒಂದು ಕಡೆಯವರಿಗೆ ಜೋಳದ ರೊಟ್ಟಿ, ಮೀನು ಮಾಂಸ ಕೂಡದು, ಇನ್ನೊಂದು ಕಡೆಯವರಿಗೆ ರಾಗಿ ಮುದ್ದೆ, ಎಲ್ಲವೂ ಆದೀತು.

ಮೊದಲ ದಿನ ಪೈಗಳ ಮನೆ. ಜನ್ಮದಲ್ಲಿ ಜೋಳದ ಹಿಟ್ಟು ಮುಟ್ಟದ ಆ ಹೆಂಗಸರು ಬೆಳಗಿನಿಂದ ತಟ್ಟಿ ತಟ್ಟಿ ರೊಟ್ಟಿ ಮಾಡಿದ್ದರು. ಒಂದೊಂದೂ ಹೆಂಚಿನಷ್ಟು ದಪ್ಪ. ಚಾವಡಿಯ ಈ ಬದಿಗೆ ರೊಟ್ಟಿ, ಆ ಬದಿಗೆ ಮುದ್ದೆ. ಎರಡನೆಯ ದಿನ ಕಾರ್ಮಿನ್ ಬಾಯಿಯ ಮನೆ. ಆಕೆ ತನ್ನ ಮನೆಯ ಸಾಂದಣದ, ಎಂದರೆ ಇಡ್ಲಿಯಂಥ ಅಕ್ಕಿ ಕಡುಬಿನ, ಪಾತ್ರೆಯನ್ನು ಬಟ್ಟೆ ಮುಚ್ಚಿ ಅಡಗಿಸಿಟ್ಟು, ಮತ್ತೆ ಈ ಬದಿಗೆ ರೊಟ್ಟಿ, ಆ ಬದಿಗೆ ಮುದ್ದೆ ಇಟ್ಟಳು. ಮೂರನೆಯ ದಿನವೂ ಹಾಗೇ. ಕಡಲು ನೋಡಲು ಬಂದ ಜನ ತೆಂಗಿನಕಾಯಿಯ ಘಮವನ್ನು ಅಡುಗೆಮನೆಯ ಮುಚ್ಚಿದ ಬಾಗಿಲಿನ ಸಂದಿನಿಂದ ಮಾತ್ರ ಕಂಡರು. ಬಡಿಸುವವರ ಶ್ರಮ ನೋಡಿ ಬೇಡವೆನ್ನಲು ಯಾರಿಗೂ ನಾಲಿಗೆ ಏಳಲಿಲ್ಲ.

ಇದರಿಂದ ಆದದ್ದು ಇಷ್ಟು: ಎರಡು ಮನೆಯವರು ಮೂರು ದಿನ ಎರಡು ಬದಿಯಲ್ಲಿ ಕುಳಿತು ಒಬ್ಬರನ್ನೊಬ್ಬರು ನೋಡುತ್ತ ಉಂಡರು. ಉಣ್ಣುವಾಗ ಮನುಷ್ಯರನ್ನು ದೂರದಿಂದ ನೋಡಬಾರದು. ಮುದ್ದೆಯನ್ನು ಅಗಿಯದೆ ನುಂಗುವುದು ನೀಲಮ್ಮನಿಗೆ ಅವಸರದ ಸ್ವಭಾವವೆಂದು ತೋರಿತು. ರೊಟ್ಟಿ ಮುರಿಯುವ ಸದ್ದು ಮುನಿಲಕ್ಷ್ಮಮ್ಮನಿಗೆ ಜಗಳಕ್ಕೆ ಕರೆದಂತೆ ಕೇಳಿಸಿತು. ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು, ಅವರು ಒಳ್ಳೆಯ ಜನ, ಆದರೆ, ಎಂದು ಶುರುಮಾಡಿದರು. ಆ 'ಆದರೆ' ಶುರುವಾದ ಮೇಲೂ ಉಳಿದುಕೊಂಡ ಸಂಬಂಧಗಳನ್ನು ನಾನು ಹೆಚ್ಚು ಕಂಡಿಲ್ಲ. ದಾನಮ್ಮ ತನ್ನ ತಾಯಿಯ ಬದಿಗೂ ವೆಂಕಟಮುನಿ ತನ್ನ ತಾಯಿಯ ಬದಿಗೂ ಕುಳಿತು, ನಡುವಿನ ನೆಲವನ್ನು ನೋಡುತ್ತಿದ್ದರು.

ಮೂರನೆಯ ದಿನ ಸಂಜೆ ನೀಲಮ್ಮ ನನ್ನನ್ನು ಜಗಲಿಗೆ ಕರೆದರು. ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಯವ್ವಾ ಸೆವ್ರಿನ್, ನಮ್ಮ ಹುಡಿಗಿ ಆ ಮನ್ಯಾಗ ಎಲ್ಲಿ ಕುಂಡ್ರಬೇಕು ಅನ್ನೂದು ನನಗ ತಿಳೀವಲ್ದು. ನಾಳೆ ಒಂದಿನ ನೋಡ್ತೀನಿ, ಆಮ್ಯಾಲ ನಾವು ಹೊಂಡತೀವಿ."

ಮರುದಿನ ಖಾಲಿ ದಿನ. ಬಡಿಸುವ ಮನೆಯಿಲ್ಲ. ದೋಣಿಯಲ್ಲಿ ಕೂರಿಸಿ ಮುಳುಗಿದ ಪೇಟೆ ತೋರಿಸುವುದು, ದೋಣಿಕಟ್ಟೆಯ ಬುತ್ತಿ ಕೊಡಿಸುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟು ನನ್ನ ಹೂಟ. ಹಳೆಯ ಅಂಗಡಿಗಳ ಮಾಡಿನ ಮೇಲೆ ಹಾದುಹೋಗುವಾಗ ಅಡಿಯಲ್ಲಿ ಬೋರ್ಡುಗಳು ಇನ್ನೂ ಕಾಣುತ್ತವೆ. ಮಕ್ಕಳು ಓದಿ ನಗುತ್ತಾರೆ. ನಮ್ಮ ದೋಣಿಯಲ್ಲಿ ಯಾರೂ ನಗಲಿಲ್ಲ. ದೋಣಿಯವನು ಬೇಗ ಮುಗಿಸೋಣವೆಂದು ಒಳದಾರಿ ಹಿಡಿದ. ಇಳಿತದ ಹೊತ್ತು. ಒಂದು ಕಲ್ಲಿನ ಮೆಟ್ಟಿಲ ಮೇಲೆ ದೋಣಿ ಕುಳಿತುಬಿಟ್ಟಿತು. ಬುತ್ತಿ ಇನ್ನೊಂದು ಕಟ್ಟೆಯಲ್ಲಿ, ನಾವು ಇಲ್ಲಿ. ನೀರು ಮತ್ತೆ ಏರುವವರೆಗೆ ಅಲುಗಾಡುವಂತಿಲ್ಲ.

ಮೆಟ್ಟಿಲ ಮೇಲಿನ ಮನೆ ಮರಿಯಮ್ಮನದ್ದು. ನಮ್ಮ ಊರಿನಲ್ಲಿ ಮರಿಯಮ್ಮ ಎಂಬ ಹೆಸರು ಮಸೀದಿಯ ಕೇರಿಯಲ್ಲೂ ಉಂಟು, ಇಗರ್ಜಿಯ ಕೇರಿಯಲ್ಲೂ ಉಂಟು, ಗುಡಿಯಲ್ಲಂತೂ ಉಂಟೇ ಉಂಟು; ಈಕೆ ಬ್ಯಾರಿ, ಮಸೀದಿಯ ಕೇರಿಯವರು. ವಯಸ್ಸಾಯಿತೆಂದು ಮನೆಸರದಿ ಬಿಟ್ಟವರು. ಯಾರೂ ಅವರಿಗೆ ಏನೂ ಹೇಳಿಕಳಿಸಿರಲಿಲ್ಲ. ದೋಣಿ ನೋಡಿ ಹೊರಗೆ ಬಂದರು, ಎಲ್ಲರನ್ನೂ ಹತ್ತಿ ಬನ್ನಿ ಎಂದರು, ಮೀನು ತಿನ್ನದವರು ಯಾರೆಂದು ಒಂದೇ ಮಾತು ಕೇಳಿ ಮೀನಿನ ಸಾರನ್ನು ಆಚೆ ಇಟ್ಟರು. ನಾನು ಹಿಂದೆ ಹೋಗಿ, ಅವರಿಗೆ ರೊಟ್ಟಿ, ಇವರಿಗೆ ಮುದ್ದೆ ಎಂದು ಪಿಸುಗುಟ್ಟಿದೆ.

"ನನ್ನ ಮನೆಯಲ್ಲಿ ಇದ್ದದ್ದು ಕೊಡ್ತೇನೆ ಮಾರಾಯ್ತಿ," ಎಂದರು ಮರಿಯಮ್ಮ. "ಇಲ್ಲದ್ದು ಬೇಕಾದ್ರೆ ಅವರು ಅವರ ಊರಲ್ಲೇ ಕೂತ್ಕೊಳ್ಬಹುದಿತ್ತಲ್ಲ?"

ಇದ್ದದ್ದು ಪತ್ತಿರ್, ಎಂದರೆ ಕಾಗದದಂಥ ಅಕ್ಕಿರೊಟ್ಟಿ, ತೆಂಗಿನಹಾಲಿನಲ್ಲಿ ನೆನೆಸಿದ್ದು; ಜೊತೆಗೆ ಸೌತೆ, ಹಲಸಿನ ಬೀಜದ ಗಸಿ ಎಂಬ ಗಟ್ಟಿ ಸಾರು. ಅದನ್ನು ಅವರು ತಮ್ಮ ಮನೆಯ ರೂಢಿಯಂತೆ ಒಂದೇ ದೊಡ್ಡ ತಟ್ಟೆಯಲ್ಲಿ ಹರಡಿ, ಚಾಪೆಯ ನಡುವೆ ಇಟ್ಟು, ಸುತ್ತ ಕುಳಿತುಕೊಳ್ಳಿ ಎಂದರು. ದುಂಡು ತಟ್ಟೆಗೆ ಈ ಬದಿ ಆ ಬದಿ ಎಂಬುದಿಲ್ಲ. ಜಾಗ ಸಿಕ್ಕಲ್ಲಿ ಕುಳಿತರು. ದಾನಮ್ಮ ವೆಂಕಟಮುನಿಯ ಪಕ್ಕಕ್ಕೆ ಬಂದದ್ದು ಯಾರು ಮಾಡಿದ ಏರ್ಪಾಡೂ ಅಲ್ಲ.

ತಿನ್ನುವ ಬಗೆ ಯಾರಿಗೂ ಗೊತ್ತಿರಲಿಲ್ಲ. ನೀಲಮ್ಮ ರೊಟ್ಟಿಯೆಂದು ಮುರಿಯಲು ಹೋದರು, ಅದು ಬೆರಳ ಸಂದಿನಿಂದ ಜಾರಿ ಹುಡುಗನ ಕಡೆಯ ಅಜ್ಜಿಯ ತುತ್ತಿನೊಳಗೆ ಸೇರಿತು. ಮುನಿಲಕ್ಷ್ಮಮ್ಮ ಮೆತ್ತಗಿದೆಯಲ್ಲ ಎಂದು ಮುದ್ದೆಯ ಅಭ್ಯಾಸದಂತೆ ನುಂಗಿದರು, ಗಂಟಲಿಗೆ ಅಂಟಿತು, ಕಣ್ಣು ತುಂಬಿತು. ಪಕ್ಕದಲ್ಲಿದ್ದ ನೀಲಮ್ಮ ಎಡಗೈಯಿಂದ ಅವರ ಬೆನ್ನಿಗೆ ಗುದ್ದಿದರು, ಚೆನ್ನಾಗಿಯೇ ಗುದ್ದಿದರು.

"ಅಗೀಬೇಕ್ರಿ ಬೀಗತಿ. ಇದು ನಿಮ್ಮ ಮುದ್ದಿ ಅಲ್ಲ."

ನೀರು ಕುಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಮುನಿಲಕ್ಷ್ಮಮ್ಮ ಹೇಳಿದರು: "ನಿಮ್ ರೊಟ್ಟಿ ಥರ ಸದ್ದು ಮಾಡ್ಲಿಲ್ಲ ಕಣಮ್ಮ, ಅದಕ್ಕೇ ಮೋಸ ಹೋದೆ."

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಯಾರು ಯಾವಾಗ ನಕ್ಕರು ಎಂದು ವಿಂಗಡಿಸಲಾಗಲಿಲ್ಲ. ಬೀಗತಿ ಎಂಬ ಮಾತು ತನ್ನ ಬಾಯಿಂದ ಬಂದದ್ದು ನೀಲಮ್ಮನಿಗೆ ತಟ್ಟೆ ಖಾಲಿಯಾದ ಮೇಲೆ ಹೊಳೆಯಿತೆಂದು ಕಾಣುತ್ತದೆ. ಅವರು ಒಮ್ಮೆ ಮಗಳು ಕುಳಿತಿದ್ದ ಜಾಗದ ಕಡೆ ನೋಡಿ, ಕೈ ತೊಳೆಯಲು ಎದ್ದರು. ನೀರು ಏರಿ ದೋಣಿ ತೇಲಿದರೂ ಯಾರೂ ಹೊರಡಲು ಏಳಲಿಲ್ಲ.

ಆ ಸಂಜೆ ನಾನು ಗುಡ್ಡದಿಂದ ಗುಡ್ಡಕ್ಕೆ ಓಡಿ, ಉಳಿದ ಮನೆಗಳಿಗೆ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ನೀವು ದಿನಾ ಏನು ಉಣ್ಣುತ್ತೀರೋ ಅದನ್ನೇ ಹಾಕಿ, ಆಗದ್ದನ್ನು ಮಾತ್ರ ಬದಿಗಿಡಿ ಎಂದೆ. ಕೆಲವರು ಮುಖ ಊದಿಸಿಕೊಂಡರು. ಹಿಟ್ಟು ಆಗಲೇ ತರಿಸಿದ್ದರು. ಕಾರ್ಮಿನ್ ಬಾಯಿ ಮಾತ್ರ ಯಾರೂ ಕೇಳದೆಯೇ ಸಾಂದಣದ ಪಾತ್ರೆ ಹೊತ್ತುಕೊಂಡು ಬಂದಳು.

ಬೀಗರ ರಜೆಯ ಕೊನೆಗೆ ಮದುವೆ ಉಂಟೋ ಇಲ್ಲವೋ ಎಂದು ನೇರವಾಗಿ ಕೇಳುವ ಪದ್ಧತಿಯಿಲ್ಲ. ಹೊರಡಲು ಒಂದು ದೋಣಿ ಹೇಳಲೋ, ಎರಡು ಹೇಳಲೋ ಎಂದು ರಜೆಗಾರ್ತಿ ಕೇಳುತ್ತಾಳೆ. ಒಂದೆಂದರೆ ಒಪ್ಪಿಗೆ. ನಾನು ಕೇಳಿದೆ. ನೀಲಮ್ಮ ಎರಡು ಎಂದರು. ಬಾಗಿಲ ಹತ್ತಿರ ನಿಂತಿದ್ದ ದಾನಮ್ಮ ಕಂಬ ಹಿಡಿದುಕೊಂಡಳು. ಆಗ ಮುನಿಲಕ್ಷ್ಮಮ್ಮ, ಹುಡುಗರನ್ನೂ ಗಂಡಸರನ್ನೂ ಅಜ್ಜಿಯನ್ನೂ ಮೊದಲ ದೋಣಿಯಲ್ಲಿ ಕಳಿಸಿಬಿಡು, ಮುಹೂರ್ತ ಅವರೇ ನೋಡಲಿ, ನಾವಿಬ್ಬರು ಬೀಗತಿಯರು ಮರಿಯಮ್ಮನವರ ಹತ್ತಿರ ಪತ್ತಿರ್ ಕಲಿತುಕೊಂಡು ಆಮೇಲೆ ಬರುತ್ತೇವೆ ಎಂದು ವಿವರಿಸಿದರು.

ನೀವು ನಮ್ಮ ಊರಿಗೆ ಬರುವುದು ಖಂಡಿತ. ನಿಮ್ಮ ಕಾಲದಲ್ಲಿ ಬಂದರಿನ ಬೀದಿಗಳಲ್ಲಿ ಇನ್ನೂ ಕಾಲಲ್ಲೇ ನಡೆಯಬಹುದು. ನಡೆಯಿರಿ, ನನ್ನ ಪಾಲಿನದ್ದನ್ನೂ ಸೇರಿಸಿ. ನಿಮ್ಮ ರಜೆಯನ್ನು ನಿಮಗೆ ಬೇಕಾದಂತೆ ಹೂಡಿಕೊಳ್ಳಿ, ನಾನು ಯಾರು ಬೇಡವೆನ್ನಲು. ಒಂದು ಕೋರಿಕೆ ಮಾತ್ರ ಉಂಟು. ಯಾರಾದರೂ ನಿಮ್ಮನ್ನು ಮನೆಯೊಳಗೆ ಕರೆದು, ನಿಮಗೆ ಏನು ಮಾಡಲಿ ಎಂದು ಕೇಳಿದರೆ, ಆಗದ್ದೇನೆಂದು ಹೇಳಿ ಸುಮ್ಮನಾಗಿ. ಉಳಿದದ್ದನ್ನು ಅವರಿಗೆ ಬಿಡಿ, ಮತ್ತೆ ನೀವು ಸ್ವಲ್ಪ ಸರಿದು ಕುಳಿತುಕೊಳ್ಳಿ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು.

ಇನ್ನೂ ಹುಟ್ಟದಿರುವ ನಿಮ್ಮ ರಜೆಗಾರ್ತಿ,
ಸೆವ್ರಿನ್ ಬಂಗೇರ